ಬಾವಿ ತೋಡುವವರ ಗಿನಿಕೋಳಿಗಳು

ನಮ್ಮ ಅಯಾಮ್ಗಾ ಭಾವನ ದನಿ ಹೇಗಿದೆ ಎಂದು ಯಾರಾದರೂ ಕೇಳಿದ್ದರೆ, ಈ ಮನೆಗೆ ಸೊಸೆಯಾಗಿ ಬಂದು ಹದಿನೆಂಟು ವರ್ಷವಾದ ಮೇಲೂ ನನಗೆ ಹೇಳಲು ಆಗುತ್ತಿರಲಿಲ್ಲ. ಕೆಮ್ಮು ಗೊತ್ತಿತ್ತು. ಸೀನು ಗೊತ್ತಿತ್ತು. ಸೋರೆಬುರುಡೆಯ ಬಟ್ಟಲಿನ ಮೇಲೆ ಬೆರಳಿನಿಂದ ಬಡಿಯುವ ಸದ್ದಂತೂ ನಿದ್ದೆಯಲ್ಲೂ ಗುರುತು ಸಿಗುತ್ತಿತ್ತು. ಒಮ್ಮೆ ಬಡಿದರೆ ನೀರು, ಎರಡು ಸಲ ಬಡಿದರೆ ಊಟ. ಅವರ ಅಂಗಳಕ್ಕೂ ನನ್ನ ಅಂಗಳಕ್ಕೂ ನಡುವೆ ಸೊಂಟದೆತ್ತರದ ಮಣ್ಣಿನ ಗೋಡೆ ಒಂದೇ ಇರುವುದು, ಹಾಗಾಗಿ ಆ ಮನೆಯ ಸಂಸಾರವೆಲ್ಲ ನನಗೆ ಕೇಳಿಸುತ್ತಿತ್ತು. ಕೇಳಿಸುತ್ತಿದ್ದದ್ದು ಹೆಂಡತಿಯ ಮಾತು ಮತ್ತು ಗಂಡನ ಬಟ್ಟಲು, ಅಷ್ಟೇ.

ಭಾವ ನನ್ನ ಗಂಡನ ಅಣ್ಣ. ಬಾವಿ ತೋಡುವವರು. ನಮ್ಮೂರು ಬೊಂಗೊದ ಸುತ್ತಮುತ್ತಲ ನೆಲವನ್ನು ಬಲ್ಲವರಿಗೆ ಅದು ಎಂಥ ಕೆಲಸ ಎಂದು ಹೇಳಬೇಕಾಗಿಲ್ಲ. ಒಂದಾಳು ಆಳ ಇಳಿಯುವಷ್ಟರಲ್ಲಿ ಬಂಡೆ ಸಿಗುತ್ತದೆ. ಹತ್ತಾಳು ಆಳದಲ್ಲಿ ನಿಂತು ಕೂಗಿದರೆ ಮೇಲಿನವರಿಗೆ ಗೊಗ್ಗರು ಸದ್ದು ಮಾತ್ರ ಕೇಳುತ್ತದೆ, ಮಾತು ಕೇಳುವುದಿಲ್ಲ. ಅದಕ್ಕೇ ಹಗ್ಗದಲ್ಲಿ ಮಾತು. ಒಮ್ಮೆ ಜಗ್ಗಿದರೆ ಮಣ್ಣಿನ ಬುಟ್ಟಿ ಎತ್ತು, ಎರಡು ಸಲ ಜಗ್ಗಿದರೆ ನನ್ನನ್ನು ಎತ್ತು. ಮೂವತ್ತು ವರ್ಷ ಹೀಗೆ ಕಳೆದು, ಆಮೇಲೆ ಲಾರಿಯ ಮೇಲೆ ಕೊರೆಯುವ ಯಂತ್ರ ಬಂತು, ಊರೂರಿಗೆ ಕೈಪಂಪು ಬಂತು, ಅವರನ್ನು ಕರೆಯುವವರು ಇಲ್ಲವಾದರು. ಕೆಲಸ ಹೋಯಿತು, ಹಗ್ಗದ ಅಭ್ಯಾಸ ಹೋಗಲಿಲ್ಲ.

ಗಂಡ ಮಾತಾಡದಿದ್ದರೆ ಹೆಂಡತಿ ಏನು ಮಾಡಬೇಕು? ಮಕ್ಕಳಾದರೂ ಇದ್ದಿದ್ದರೆ ಒಂದು ಮಾತು. ಅದೂ ಇರಲಿಲ್ಲ. ನನ್ನ ವಾರಗಿತ್ತಿ ಲಮಿಸಿ ಅಕ್ಕ ಗಿನಿಕೋಳಿ ಸಾಕಿದಳು. ನಮ್ಮಲ್ಲಿ ಎಲ್ಲರೂ ಸಾಕುತ್ತಾರೆ, ಆದರೆ ಅವಳ ಹಾಗೆ ಯಾರೂ ಸಾಕಲಿಲ್ಲ. ಹೊತ್ತು ಇಳಿಯುವಾಗ ಅಂಗಳದಲ್ಲಿ ನಿಂತು, "ಬನ್ರೇ, ಬನ್ರೇ, ಕಾಳಿದೆ, ಮಾತಿದೆ" ಎಂದು ರಾಗವಾಗಿ ಕರೆಯುತ್ತಿದ್ದಳು. ಹೊಲದ ಆ ಕಡೆಯಿಂದ ಹದಿನಾರು ಹಕ್ಕಿಗಳು ಬೋಳು ತಲೆ ಮುಂದೆ ಚಾಚಿಕೊಂಡು ಓಡಿ ಬರುತ್ತಿದ್ದವು. ಒಂದೊಂದು ಹಿಡಿ ಸಜ್ಜೆ ಎರಚುತ್ತಾ ಅವಳು ದಿನದ ಸುದ್ದಿಯನ್ನೆಲ್ಲ ಅವಕ್ಕೆ ಒಪ್ಪಿಸುತ್ತಿದ್ದಳು. ಪಂಪಿನ ಹತ್ತಿರ ಯಾರ್ಯಾರಿಗೆ ಜಗಳವಾಯಿತು, ಯಾವ ಮಡಕೆ ಸೀಳು ಬಿಟ್ಟಿತು, ತನಗೆ ಎಲ್ಲಿ ನೋಯುತ್ತಿದೆ. ಭಾವ ಮೂರು ಮಾರು ದೂರದಲ್ಲಿ ಗೋಡೆಗೆ ಒರಗಿ ಕೂತಿರುತ್ತಿದ್ದರು. ಎಲ್ಲ ಕೇಳಿಸಿಕೊಂಡು ಬಟ್ಟಲು ಬಡಿಯುತ್ತಿದ್ದರು.

ನನಗೆ ಮೈ ಉರಿಯುತ್ತಿತ್ತು. ಒಂದು ದಿನ ತಡೆಯಲಾರದೆ ಗೋಡೆಯ ಮೇಲಿಂದ ಬಗ್ಗಿ ಹೇಳಿಯೇಬಿಟ್ಟೆ.

"ಅಕ್ಕಾ, ಅವರು ಬಾಯಿ ಬಿಟ್ಟು ಕೇಳೋವರ್ಗೂ ನೀರು ಕೊಡ್ಬೇಡ. ಒಂದಿನ ಗಂಟಲು ಒಣಗ್ಲಿ, ಆಮೇಲೆ ನೋಡು ಹೇಗೆ ಮಾತು ಬರತ್ತೆ ಅಂತ."

ಅಕ್ಕ ನಕ್ಕಳು. "ಕೇಳ್ತಾರೆ ಕಣೇ ತಲಾತಾ. ಒಂದಿನ ನನ್ನ ಹೆಸರು ಹಿಡಿದು ಕರ್ದು, ಒಂಚೂರು ನೀರು ಕೊಡು ಅಂತಾರೆ. ನಾನೇನು ಎಲ್ಲಿಗೂ ಹೋಗ್ತಿಲ್ವಲ್ಲ."

ಹೋದಳು. ಹೋದ ವರ್ಷ ಮಳೆಗೆ ಮುಂಚಿನ ಸೆಕೆಯಲ್ಲಿ ಕತ್ತು ನೋವು, ಸುಡು ಜ್ವರ ಎಂದು ಮಲಗಿದವಳು ಮೂರನೆಯ ದಿನ ಹೋಗಿಬಿಟ್ಟಳು. ಎರಡನೆಯ ದಿನ ಸಂಜೆ ನಾನು ಅಲ್ಲೇ ಕೂತು ಅವಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದೆ. ಕಣ್ಣು ಮುಚ್ಚಿಕೊಂಡೇ ಗಂಡನಿಗೆ, "ಹೊತ್ತಾಯ್ತು, ಹಕ್ಕಿ ಕರೀರಿ" ಎಂದಳು. ಭಾವ ಎದ್ದು ಸಜ್ಜೆಯ ಬಟ್ಟಲು ಹಿಡಿದು ಅಂಗಳಕ್ಕೆ ಹೋದರು. ನಾವಿಬ್ಬರೂ ಕಿವಿ ಕೊಟ್ಟು ಕಾದೆವು. ಹೊರಗಿನಿಂದ ಟಕ್ ಟಕ್ ಎಂದು ಬಟ್ಟಲು ಬಡಿಯುವ ಸದ್ದು ಬಂತು, ಇನ್ನೇನೂ ಬರಲಿಲ್ಲ. ಹಕ್ಕಿಗಳ ಸದ್ದೂ ಬರಲಿಲ್ಲ. ಅಕ್ಕ ಗೋಡೆಯ ಕಡೆಗೆ ಹೊರಳಿ ಮಲಗಿದಳು. ಆ ಹೊರಳಿದ್ದು ನನ್ನ ಕಣ್ಣಿಗೆ ಕಟ್ಟಿದೆ, ಇವತ್ತಿಗೂ ಭಾವನ ಮೇಲೆ ನನಗೆ ಅದೊಂದು ಸಿಟ್ಟು ಪೂರ್ತಿ ಇಳಿದಿಲ್ಲ.

ಮಣ್ಣು ಮಾಡಿದ ಮೇಲೆ ಅವಳ ಅಣ್ಣ ಅಕುಗ್ರೆ ಹೊರಡುವಾಗ ಭಾವನ ಎದುರು ನಿಂತ. ಒಳ್ಳೆಯ ಮನುಷ್ಯ, ಆದರೆ ಕಟ್ಟುಕಟ್ಟಳೆಯಲ್ಲಿ ಒಂದು ಕೂದಲಷ್ಟೂ ಬಿಡುವವನಲ್ಲ. ಸುಗ್ಗಿ ಮುಗಿದು ಒಣಗಾಳಿಯ ಕಾಲದಲ್ಲಿ ಕೊನೆಯ ಕಾರ್ಯಕ್ಕೆ ಬರುತ್ತೇವೆ, ಹಕ್ಕಿ ಮರೆಯಬೇಡಿ ಎಂದ. ಮರೆಯುವಂಥದ್ದಲ್ಲ ಅದು. ನಮ್ಮ ಮನೆತನಗಳಲ್ಲಿ ಸತ್ತ ಹೆಂಗಸು ಕೊನೆಯ ಕಾರ್ಯದ ದಿನ ಅಪ್ಪನ ಮನೆಗೆ ಹಿಂದಿರುಗುತ್ತಾಳೆ, ಅವಳು ಬರಿಗೈಯಲ್ಲಿ ಹೋಗಬಾರದು. ಅವಳೇ ಸಾಕಿದ ಗಿನಿಕೋಳಿ ಕಡಿಮೆಯೆಂದರೆ ನಾಲ್ಕು ಹೋಗಬೇಕು. ಸಂತೆಯಿಂದ ತಂದು ಕೊಡುವ ಹಾಗಿಲ್ಲ. ಅದಕ್ಕೆ ಪರೀಕ್ಷೆ ಇದೆ: ತವರಿನವರ ಎದುರಿಗೆ ಮನೆಯವರು ಕರೆಯಬೇಕು. ಕರೆಗೆ ಎಷ್ಟು ಬರುತ್ತವೋ ಅಷ್ಟೂ ಅವಳವು, ಅಷ್ಟೂ ಅವರಿಗೆ. ಬರದಿದ್ದರೆ, ಈ ಮನೆಯಲ್ಲಿ ನಮ್ಮ ಹುಡುಗಿಯದು ಅನ್ನುವುದು ಏನೂ ಇರಲಿಲ್ಲ ಎಂದು ಅವರು ಎದ್ದು ಹೋಗುತ್ತಾರೆ, ಕಾರ್ಯ ಅರ್ಧಕ್ಕೆ ನಿಲ್ಲುತ್ತದೆ. ಅವಳು ಆ ಮನೆಗೂ ಇಲ್ಲ ಈ ಮನೆಗೂ ಇಲ್ಲ.

ಸಾಮಾನ್ಯವಾಗಿ ಸತ್ತವಳ ಮಗಳೋ ಸೊಸೆಯೋ ತಮ್ಮದೇ ಕರೆಯಿಂದ ಕರೆಯುತ್ತಾರೆ. ಮಕ್ಕಳಿಲ್ಲದ ಈ ಮನೆಯಲ್ಲಿ ಕರೆಯಬೇಕಾದವರು ಭಾವ. ಆ ಹಕ್ಕಿಗಳಾದರೋ ಹುಟ್ಟಿದಂದಿನಿಂದ ಅದೇ ಅಂಗಳದಲ್ಲಿ ತಿರುಗಿದ್ದರೂ ಯಜಮಾನರ ದನಿಯನ್ನೇ ಕೇಳಿದವಲ್ಲ.

ನೀನೇ ಕರೆದುಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಭಾವನೂ ಕೇಳಿದರು, ಬಟ್ಟಲು ಹಿಡಿದುಕೊಂಡು ಗೋಡೆಯ ಹತ್ತಿರ ಬಂದು, ಬಾಯಿಯಿಂದಲ್ಲ, ಗಲ್ಲ ಎತ್ತಿ ಹಕ್ಕಿಗಳ ಕಡೆ ತೋರಿಸಿ. ನಾನು ಆಗುವುದಿಲ್ಲ ಎಂದೆ. ಇನ್ನೊಬ್ಬರ ಹಕ್ಕಿಗಳನ್ನು ಕರೆಯುವುದೆಂದರೆ ನಮ್ಮಲ್ಲಿ ಕಳ್ಳತನ, ಕಾಳು ಕದಿಯುವುದಕ್ಕಿಂತ ಕೀಳು. ಅದರ ಮೇಲೆ ಸತ್ತವಳ ಕರೆಯನ್ನು ಕಾರ್ಯ ಮುಗಿಯುವ ಮುಂಚೆ ಇನ್ನೊಂದು ಬಾಯಿ ಕರೆಯಬಾರದು; ಕರೆದರೆ ಬರುವುದು ಹಕ್ಕಿ ಮಾತ್ರವಲ್ಲ. ಅವಳ ಆ ರಾಗ ನನ್ನ ಗಂಟಲಲ್ಲೇ ಇತ್ತು, ಕರೆದಿದ್ದರೆ ಅವು ಓಡಿ ಬರುತ್ತಿದ್ದವು. ಹೆದರಿದೆ. ಭಾವ ತಲೆಯಾಡಿಸಿ ಹಿಂದಕ್ಕೆ ಹೋದರು.

ಆಮೇಲಿನ ಎರಡು ತಿಂಗಳು ಅವರು ಮಾಡಿದ್ದನ್ನೆಲ್ಲ ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅರವತ್ತು ದಾಟಿದ ಗಂಡಸು, ಬಂಡೆ ಸೀಳಿದ ಕೈ, ಹಕ್ಕಿ ಸಾಕುವುದು ಅಂಬೆಗಾಲಿಡುವ ಮಗುವಿಗೆ ಗೊತ್ತಿರುವಷ್ಟೂ ಗೊತ್ತಿಲ್ಲ. ಮೊದಲ ಮಳೆ ಬಿದ್ದು ಹೇಂಟೆಗಳು ಹೊಲದಂಚಿನ ಹುಲ್ಲಿನಲ್ಲಿ ಮೊಟ್ಟೆ ಇಡತೊಡಗಿದವು. ಅಕ್ಕನ ಬಳಿ ಅದಕ್ಕೆಂದೇ ಉದ್ದ ಹಿಡಿಯ ಸೌಟು ಒಂದಿತ್ತು. ಹೇಂಟೆ ನೋಡದ ಹೊತ್ತಿನಲ್ಲಿ ದೂರದಿಂದಲೇ ಮೊಟ್ಟೆ ತೆಗೆದು ಮೂರನ್ನು ಗೂಡಿನಲ್ಲೇ ಬಿಡುತ್ತಿದ್ದಳು. ಗಿನಿಕೋಳಿ ಬಲು ಅನುಮಾನದ ಪ್ರಾಣಿ. ಕೈಯ ವಾಸನೆ ತಾಗಿದರೆ, ಗೂಡು ಬರಿದಾದರೆ, ಮತ್ತೆ ಆ ಕಡೆ ಸುಳಿಯುವುದಿಲ್ಲ. ಭಾವ ಹುಲ್ಲಿನಲ್ಲಿ ಮಂಡಿಯೂರಿ, ಎರಡೂ ಕೈಯಿಂದ ಬಾಚಿ, ಒಂದೂ ಬಿಡದೆ ಹದಿನಾಲ್ಕು ಮೊಟ್ಟೆಯನ್ನು ತಮ್ಮ ಹುಲ್ಲಿನ ಟೋಪಿಯಲ್ಲಿ ತುಂಬಿಕೊಂಡು ಬಂದರು. ಗೋಡೆಯ ಮೇಲೆ ಇಟ್ಟು ನನ್ನ ಮುಖ ನೋಡಿದರು. ಮೆಚ್ಚಲಿ ಎಂದು. ನಾನು ತಲೆ ಚಚ್ಚಿಕೊಂಡೆ.

ಹಾಗೇ ಆಯಿತು. ಹೇಂಟೆಗಳು ಗೂಡು ಬಿಟ್ಟು ಮುಳ್ಳುಪೊದೆಯ ಆಚೆ ಎಲ್ಲೋ ಹೋಗಿ ಇಟ್ಟವು, ಅಲ್ಲಿಟ್ಟ ಮೊಟ್ಟೆಯೆಲ್ಲ ಉಡದ ಪಾಲಾಯಿತು. ಹಕ್ಕಿಗಳು ಸಂಜೆ ಮನೆ ಕಡೆಗೆ ಬರುವುದನ್ನೇ ಬಿಟ್ಟವು. ಕೆಲವನ್ನು ಹದ್ದು ಒಯ್ದಿತು, ಕೆಲವು ಯಾರು ಯಾರದೋ ಹಿಂಡಿಗೆ ಸೇರಿದವು. ಇನ್ನು ಮೂರು, ಮುಚ್ಚಿಟ್ಟು ಪ್ರಯೋಜನವಿಲ್ಲ, ನನ್ನ ಹಿಂಡಿಗೆ ಬಂದವು. ನಾನು ಕರೆಯಲಿಲ್ಲ, ದೇವರಾಣೆ. ಆದರೆ ನನ್ನ ಹಕ್ಕಿಗಳಿಗೆ ಕಾಳು ಎರಚುವಾಗ ಅವೂ ತಿಂದವು, ನಾನು ಓಡಿಸಲಿಲ್ಲ. ವಾರ ಕಳೆಯುವಷ್ಟರಲ್ಲಿ ಮನಸ್ಸು ಚುಚ್ಚಿ ಒಂದೊಂದನ್ನೇ ಹಿಡಿದು ಗೋಡೆಯಾಚೆ ಎಸೆದೆ. ಎಸೆದಷ್ಟೇ ಬೇಗ ಹಾರಿ ಈಚೆಗೆ ಬಂದು ಕೂತವು. ಭಾವ ಅದನ್ನು ನೋಡಿ ಒಳಕ್ಕೆ ಹೋದರು. ಒಂದು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆ ತಪ್ಪಿಗೆ ಅಂತಲೇ ಕಾವಿಗೆ ಕೂತ ನನ್ನ ನಾಟಿಕೋಳಿಯನ್ನು ಬುಟ್ಟಿ ಸಮೇತ ಅವರಿಗೆ ಕೊಟ್ಟೆ. ಟೋಪಿಯಲ್ಲಿ ತಂದಿದ್ದ ಹದಿನಾಲ್ಕೂ ಮೊಟ್ಟೆಯನ್ನು ಅದರ ಕೆಳಗೆ ಇಟ್ಟೆವು. ಇಪ್ಪತ್ತೆಂಟು ದಿನ ಭಾವ ಆ ಬುಟ್ಟಿಯ ಪಕ್ಕದಿಂದ ಏಳಲಿಲ್ಲ. ಹನ್ನೊಂದು ಮರಿಯಾದವು, ಬೆನ್ನ ಮೇಲೆ ಗೆರೆ ಗೆರೆ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡವು. ಖುಷಿಗೆ ಮಾರನೆಯ ಬೆಳಗ್ಗೆ ಬೆಳಕು ಹರಿಯುತ್ತಲೇ ಹುಲ್ಲಿಗೆ ಬಿಟ್ಟುಬಿಟ್ಟರು. ಗಿನಿಕೋಳಿ ಮರಿಗೆ ಒದ್ದೆ ತಾಗಬಾರದು ಎಂದು ನಮ್ಮಲ್ಲಿ ಮೂರು ವರ್ಷದ ಮಗುವಿಗೂ ಗೊತ್ತು, ಅವರಿಗೆ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ನಾನು ಏಳುವಷ್ಟರಲ್ಲಿ ಇಬ್ಬನಿಯಲ್ಲಿ ಏಳು ಮರಿ ಕಾಲು ಚಾಚಿ ಬಿದ್ದಿದ್ದವು. ಭಾವ ಒಂದೊಂದನ್ನೇ ಹೆಕ್ಕಿ, ಬಾಯಿಯ ಹತ್ತಿರ ಹಿಡಿದು ಬಿಸಿ ಉಸಿರು ಊದುತ್ತಿದ್ದರು. ಅವು ಏಳಲಿಲ್ಲ.

ಉಳಿದ ನಾಲ್ಕನ್ನು ಅಂಗಿಯೊಳಗೆ ಎದೆಗೆ ಹಾಕಿಕೊಂಡರು. ಅವತ್ತೇ, ನಾನು ಗೋಡೆಯ ಈಚೆ ಸಜ್ಜೆ ಕುಟ್ಟುತ್ತಿದ್ದಾಗ, ಒಂದು ದನಿ ಕೇಳಿತು. ಒಡಕು ದನಿ, ಬಹಳ ದಿನ ಮುಚ್ಚಿದ್ದ ಬಾಗಿಲು ತೆಗೆದ ಹಾಗೆ. ಯಾರೋ ನೆಂಟರು ಬಂದರು ಎಂದುಕೊಂಡು ಎದ್ದು ನೋಡಿದೆ. ಯಾರೂ ಇರಲಿಲ್ಲ. ಭಾವ ಅಂಗಿಯೊಳಗೆ ಇಣುಕಿ ಮಾತಾಡುತ್ತಿದ್ದರು.

"ತಪ್ಪಾಯ್ತು" ಎನ್ನುತ್ತಿದ್ದರು. "ನನಗೆ ಗೊತ್ತಿರ್ಲಿಲ್ಲ. ತಪ್ಪಾಯ್ತು."

ಒನಕೆ ನನ್ನ ಕೈಯಲ್ಲೇ ನಿಂತಿತು. ಸದ್ದಾದರೆ ಎಲ್ಲಿ ಬಾಯಿ ಮುಚ್ಚಿಬಿಡುತ್ತಾರೋ ಎಂದು ಹಾಗೇ ನಿಂತಿದ್ದೆ.

ಆವತ್ತಿನಿಂದ ಕಲಿತರು. ನೆಲ ಅಗೆಯುವುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಡಕೆಯಲ್ಲಿ ಸಗಣಿ, ಒಣ ದಂಟು ತುಂಬಿ ಹುತ್ತದ ಮೇಲೆ ಬೋರಲು ಹಾಕಿ ಬರುವರು, ಮಾರನೆಯ ದಿನ ಮಡಕೆ ತುಂಬ ಗೆದ್ದಲು. ಅದನ್ನು ಮರಿಗಳ ಮುಂದೆ ಉದುರಿಸುತ್ತಾ ಸಂಜೆ ಸಂಜೆ ಮಾತು. ಏನು ಮಾತಾಡಬೇಕೆಂದು ತಿಳಿಯದೆ ಮೊದಲು ಬಾವಿಗಳ ಲೆಕ್ಕ ಹೇಳಿದರು, ಯಾವ ಊರು, ಎಷ್ಟು ಆಳು, ಎಲ್ಲಿ ಬಂಡೆ, ಎಲ್ಲಿ ಸಿಹಿನೀರು. ಅದು ಮುಗಿದ ಮೇಲೆ ಒಂದು ದಿನ ಹೇಳಿದ್ದು ನನ್ನ ಕಿವಿಗೆ ಬಿತ್ತು. ಮದುವೆಯಾದ ವರ್ಷ ಅವಳು ಗುಡ್ಡದಾಚೆಯಿಂದ ನೀರು ಹೊತ್ತು ತರುವುದನ್ನು ನೋಡಲಾಗದೆ, ಊರ ಹಿರಿಯರು ಬೇರೆ ಜಾಗ ತೋರಿಸಿದ್ದರೂ, ಅಲ್ಲಿ ಬರೀ ಬಂಡೆ ಎಂದು ಸುಳ್ಳು ಹೇಳಿ ಮನೆಯ ಹಿಂದೆಯೇ ಬಾವಿ ತೋಡಿದರಂತೆ. ಅವಳಿಗೆ ಹೇಳಲಿಲ್ಲ. ಹೇಳುವುದೇನಿದೆ, ನೀರು ಬಂತಲ್ಲ ಅಂದುಕೊಂಡರಂತೆ. ಮರಿಗಳು ಗೆದ್ದಲು ಮುಗಿಸಿ ಹೊರಟುಹೋದವು, ಅವರು ಖಾಲಿ ನೆಲಕ್ಕೆ ಇನ್ನೂ ಸ್ವಲ್ಪ ಹೊತ್ತು ಹೇಳುತ್ತಿದ್ದರು. ಅಯ್ಯೋ ಮಹಾರಾಯ, ಇದನ್ನು ಅವಳು ಬದುಕಿದ್ದಾಗ ಹೇಳಲು ಏನಾಗಿತ್ತು ನಿಮಗೆ ಎಂದು ಗೋಡೆ ಹಾರಿ ಹೋಗಿ ಕೇಳಬೇಕೆನ್ನಿಸಿತು. ಕೇಳಿದ್ದರೆ ಮತ್ತೆ ಬಟ್ಟಲಿಗೆ ಇಳಿಯುತ್ತಿದ್ದರು. 

ಅಕ್ಕನ ಕರೆ ಕರೆಯುವ ಹಾಗಿರಲಿಲ್ಲವಲ್ಲ, ಅವರಿಗೆ ತಮ್ಮದೇ ಒಂದು ಕರೆ ಬೇಕಿತ್ತು. ಸುಗ್ಗಿಯ ಹೊತ್ತಿಗೆ ಅದೂ ಹುಟ್ಟಿತು. ಒಂದು ಸಂಜೆ ಅಂಗಳದಲ್ಲಿ ನಿಂತು, ಬಾವಿಯ ತಳದಿಂದ ಕೂಗುವವರ ಹಾಗೆ ತಲೆ ಎತ್ತಿ, "ಲಮಿಸೀ... ಲಮಿಸೀ..." ಎಂದು ಕರೆದರು. ನನಗೆ ಮೈಯೆಲ್ಲ ಮುಳ್ಳೆದ್ದಿತು. ಹಿರಿಯರು ಮುಖ ಸಿಂಡರಿಸಿದರು. ಆದರೆ ಹೆಂಡತಿಯ ಹೆಸರು ಹಿಡಿದು ಹಕ್ಕಿ ಕರೆಯಬಾರದು ಎಂಬ ಕಟ್ಟಳೆ ಎಲ್ಲೂ ಇರಲಿಲ್ಲ; ಅಂಥದ್ದೊಂದನ್ನು ಯಾರಾದರೂ ಮಾಡಿಯಾರು ಎಂದು ಯಾರಿಗೂ ಹೊಳೆದಿರಲಿಲ್ಲ. ನಾಲ್ಕು ಎಳೆಯವು ಮೊದಲ ದಿನವೇ ಓಡಿ ಬಂದವು. ಹಳೆಯ ಹಿಂಡಿನವು ಒಂದು ವಾರ ಬೇವಿನ ಮರದ ಮೇಲಿಂದ ಕತ್ತು ಓರೆ ಮಾಡಿ ನೋಡಿದವು. ಆಮೇಲೆ ಒಂದು ಇಳಿಯಿತು, ಆಮೇಲೆ ಎರಡು. ಒಣಗಾಳಿ ಬೀಸುವಷ್ಟರಲ್ಲಿ ಅಕ್ಕನ ಹದಿನಾರರಲ್ಲಿ ಐದು ಅವರ ಕರೆಗೆ ಬರುತ್ತಿದ್ದವು. ನನ್ನ ಅಂಗಳದ ಮೂರು ಮಾತ್ರ ಗೋಡೆಯ ಈಚೆಗೇ ಉಳಿದವು.

ಕಾರ್ಯದ ಹಿಂದಿನ ದಿನ ನಾನು ಅವರ ಅಂಗಳಕ್ಕೆ ಹೋದೆ. ಐದು ಹಳೆಯವು ಬಂದರೆ ಸಾಕು, ಮರ್ಯಾದೆ ಉಳಿಯುತ್ತದೆ. ಎಳೆಯ ನಾಲ್ಕು ಹೋದರೆ ಈ ಮನುಷ್ಯ ನಾಳೆಯಿಂದ ಯಾರೊಡನೆ ಮಾತಾಡುತ್ತಾರೆ? ಅದೇ ನನಗೆ ಕೊರೆಯುತ್ತಿತ್ತು.

"ಭಾವ, ಮರಿಗಳನ್ನ ನಾಳೆ ಬುಟ್ಟಿ ಕೆಳಗೆ ಮುಚ್ಚಿಡಿ. ಅವನ್ನ ಸಾಕಿದ್ದು ನೀವು. ಯಾರಿಗೂ ಗೊತ್ತಾಗಲ್ಲ" ಎಂದೆ.

 ಭಾವನ ಕೈ ಬಟ್ಟಲಿನ ಕಡೆ ಹೋಯಿತು, ಬಡಿಯಲಿಲ್ಲ.

"ಅವಳ ಹೇಂಟೆಗಳ ಮೊಟ್ಟೆ ಅಲ್ವಾ ತಲಾತಾ" ಎಂದರು. "ಅವತ್ತು ಕರೀರಿ ಅಂದ್ಳು. ನಾನು ಕರೀಲಿಲ್ಲ. ನಾಳೆಯೂ ಅರ್ಧ ಬಾಯಲ್ಲಿ ಕರೀಲಾ?"

 ಮರಿ ಮುಚ್ಚಿಡಲೆಂದು ತಂದಿದ್ದ ಬುಟ್ಟಿಯನ್ನು ಎತ್ತಿಕೊಂಡು ನಾನು ಗೋಡೆಯ ಈಚೆಗೆ ಬಂದೆ.

ಮಾರನೆಯ ದಿನ ಮನೆ ತುಂಬ ಜನ. ಡೋಲು, ಜೋಳದ ಹೆಂಡ, ಧೂಳು. ಶಾಸ್ತ್ರದಂತೆ ಅಕ್ಕ ಉಣ್ಣುತ್ತಿದ್ದ ಸೋರೆಬುರುಡೆಯ ಬಟ್ಟಲನ್ನು ಒಡೆದದ್ದಾಯಿತು. ಹೊತ್ತು ಬೇವಿನ ಮರದ ಕೆಳಕ್ಕೆ ಇಳಿದಾಗ ಅಕುಗ್ರೆ ತಮ್ಮಂದಿರೊಡನೆ ಅಂಗಳದ ನಡುವೆ ಬಂದು ನಿಂತ. ಡೋಲು ನಿಂತಿತು. ಅವರ ಕಡೆಯವರಲ್ಲಿ ಒಬ್ಬ, ಮೂಗ ಹೇಗಪ್ಪಾ ಕರೆಯುತ್ತಾನೆ ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು, ಇಬ್ಬರು ಕಿಸಕ್ಕನೆ ನಕ್ಕರು.

"ಕರೀರಿ ಭಾವ" ಎಂದ ಅಕುಗ್ರೆ.

ಭಾವ ಸಜ್ಜೆಯ ಬಟ್ಟಲು ಎಡಗೈಯಲ್ಲಿ ಹಿಡಿದು ತಲೆ ಎತ್ತಿದರು. "ಲಮಿಸೀ..." ಎಂದು ಕರೆದರು. ಜನ ಇದ್ದಾರೆಂದು ತಗ್ಗಿಸಲಿಲ್ಲ. ಹೊಲ ದಾಟಿ, ಬಂಡೆಗೆ ಬಡಿದು ಮತ್ತೆ ನಮ್ಮ ಕಡೆಗೆ ಬರುವಷ್ಟು ಜೋರಾಗಿ ಕರೆದರು. "ಲಮಿಸೀ, ಹೊತ್ತಾಯ್ತು, ಬಾ. ಲಮಿಸೀ..." ನಕ್ಕವರ ಬಾಯಿ ಮುಚ್ಚಿತು. ಸಜ್ಜೆ ದಂಟಿನ ಕೂಳೆಯ ನಡುವಿನಿಂದ ಐದು ಹಳೆಯವು ಓಡಿ ಬಂದವು. ಅವುಗಳ ಹಿಂದೆಯೇ ನಾಲ್ಕು ಎಳೆಯವು. ಆಮೇಲೆ ನನ್ನ ಗೋಡೆಯ ಮೇಲೆ ಪಟಪಟ ಸದ್ದಾಯಿತು. ಆ ಮೂರೂ ಒಂದರ ಹಿಂದೆ ಒಂದು ನನ್ನ ಕಣ್ಣೆದುರೇ ಆಚೆಗೆ ಹಾರಿ, ಅವರ ಕಾಲಬಳಿ ಇಳಿದವು. ನಾಚಿಕೆಯಿಂದ ನನ್ನ ತಲೆ ತಗ್ಗಿತು, ಆದರೂ ಎದೆ ತುಂಬಿ ಬಂತು.

ಹನ್ನೆರಡು. ಅಂಥ ಲೆಕ್ಕ ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಅಕುಗ್ರೆ ಎಣಿಸಲಿಲ್ಲ. ತಂಗಿಯ ಹೆಸರು ಕೇಳಿದ ಕೂಡಲೇ ಅಂಗಿಯ ತೋಳಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದ. ಸ್ವಲ್ಪ ಹೊತ್ತಿನ ಮೇಲೆ ಸುಧಾರಿಸಿಕೊಂಡು, ಕಟ್ಟಳೆ ಕಟ್ಟಳೆಯೇ ಎಂದು ತಮ್ಮಂದಿರಿಗೆ ಸನ್ನೆ ಮಾಡಿದ. ಒಂದೊಂದು ಹಕ್ಕಿಯನ್ನೂ ಭಾವನೇ ಹಿಡಿದು ಕಾಲು ಕಟ್ಟಿ ಕೊಟ್ಟರು. ಎಳೆಯವುಗಳಲ್ಲಿ ಕೊನೆಯದು ಅವರ ಅಂಗಿಯೊಳಗೆ ತಲೆ ತೂರಿಸಲು ನೋಡಿತು. ಮೆಲ್ಲಗೆ ಬಿಡಿಸಿ ಅದನ್ನೂ ಕೊಟ್ಟರು.

ಮಾರನೆಯ ಸಂಜೆ ನಾನು ಬೇಕೆಂದೇ ಗೋಡೆಯ ಹತ್ತಿರ ಕೆಲಸ ಇಟ್ಟುಕೊಂಡೆ. ಭಾವ ಅಭ್ಯಾಸಬಲದಿಂದ ಸಜ್ಜೆಯ ಬಟ್ಟಲು ಹಿಡಿದು ಹೊರಗೆ ಬಂದರು. ಅಂಗಳದಲ್ಲಿ ಹಿಕ್ಕೆ, ಒಂದೆರಡು ಚುಕ್ಕೆಯ ಪುಕ್ಕ ಬಿಟ್ಟರೆ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು, ಕಾಳನ್ನು ಮತ್ತೆ ಮಡಕೆಗೆ ಸುರಿದು, ಖಾಲಿ ಬಟ್ಟಲನ್ನು ತೊಡೆಯ ಮೇಲೆ ಬೋರಲು ಇಟ್ಟುಕೊಂಡು ತಮ್ಮ ಹಳೆಯ ಜಾಗದಲ್ಲಿ ಗೋಡೆಗೆ ಒರಗಿ ಕೂತರು. ಇನ್ನು ಟಕ್ ಎನ್ನುತ್ತದೆ, ಮುಗಿಯಿತು ಇವರ ಮಾತು ಎಂದುಕೊಂಡು ನಾನು ಕಾದೆ. ಕತ್ತಲು ಕವಿಯುತ್ತಾ ಬಂತು. ಸದ್ದು ಬರಲಿಲ್ಲ.

"ತಲಾತಾ" ಎಂದರು. "ಒಂಚೂರು ನೀರು ಕೊಡ್ತೀಯಾ ತಾಯಿ?"

ನೀರಿನ ಮಡಕೆ ಮೂರು ಹೆಜ್ಜೆ ದೂರದಲ್ಲಿತ್ತು. ಅಲ್ಲಿಗೆ ಹೋಗಿ ಬರಲು ನನಗೆ ಬಹಳ ಹೊತ್ತು ಹಿಡಿಯಿತು. ಲಮಿಸಿ ಅಕ್ಕ ಮೂವತ್ತೊಂದು ವರ್ಷ ಕಾದ ಮಾತು ಅದು, ಏನೂ ಕಾಯದ ನನಗೆ ಸಿಕ್ಕಿತ್ತು. ಕಣ್ಣು ಒರೆಸಿಕೊಂಡು ಗೋಡೆಯ ಮೇಲಿಂದ ನನ್ನ ಬಟ್ಟಲಲ್ಲಿ ನೀರು ಕೊಟ್ಟೆ. ಭಾವ ಪೂರ್ತಿ ಕುಡಿದು ಬಟ್ಟಲು ಹಿಂದಕ್ಕೆ ಕೊಟ್ಟರು.